ಬೈಲಹೊಂಗಲದಲ್ಲಿ ಏಳುತ್ತದೆ, ಸಾಲಹಳ್ಳಿಯಲ್ಲಿ ಏಳುವುದಿಲ್ಲ

ಸಾಲಹಳ್ಳಿ
4 ಏಪ್ರಿಲ್ 2025

ಮಾನ್ಯ ಜಮಾಲಸಾಬ ಅವರಿಗೆ,

ನಮಸ್ಕಾರಗಳು. ನನ್ನ ಪರಿಚಯ ನಿಮಗಿಲ್ಲ. ನಾನು ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಸರಕಾರಿ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗೆ ಕನ್ನಡ ಕಲಿಸುತ್ತೇನೆ. ನಮ್ಮ ಮುಖ್ಯ ಗುರುಗಳಾದ ಹಣಮಂತಪ್ಪ ಸರ್ ಅವರ ಟಿವಿಯನ್ನು ನೀವು ಹಿಂದೆ ಮೂರು ಸಲ ರಿಪೇರಿ ಮಾಡಿದ್ದಿರಂತೆ. "ಅವರು ಮಂದಿ ಜೋಡಿ ಜಗಳಾಡತಾರ, ಮಷೀನ್ ಜೋಡಿ ಆಡೂದಿಲ್ಲ. ಫೋನ್ ಅಂತೂ ಎತ್ತೂದಿಲ್ಲ, ಪತ್ರ ಬರೀರಿ" ಎಂದು ಹೇಳಿ ನಿಮ್ಮ ವಿಳಾಸ ಕೊಟ್ಟರು.

ಬೆಳಗಾವಿಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದೇನೆ. ಅದರಲ್ಲಿರುವ ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಅರ್ಧ ಪೀರಿಯಡ್ ಮುಗಿಯುತ್ತದೆ. ಧಾರವಾಡದ ತರಬೇತಿಯಲ್ಲಿ ಒಬ್ಬರು ಲಿನಕ್ಸ್ ಹಾಕಿಸಿ ಎಂದರು. ಹಗುರ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಅದರಲ್ಲಿದೆಯಂತೆ. ಆ ಓದುವ ಸೌಲಭ್ಯವೇ ನನಗೆ ಮುಖ್ಯ. ಮಕ್ಕಳಿಗೆ ಕೇಳಿಸಲು.

ಮೇ 29ಕ್ಕೆ ಶಾಲೆ ಶುರುವಾಗುತ್ತದೆ. ಅಷ್ಟರೊಳಗೆ ಯಂತ್ರ ನನ್ನ ಕೈಯಲ್ಲಿ ಪಳಗಿರಬೇಕು. ನಿಮ್ಮಿಂದ ಆಗುವುದಾದರೆ ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿ,
ರಂಜನಾ


ಬೈಲಹೊಂಗಲ
8 ಏಪ್ರಿಲ್ 2025

ರಂಜನಾ ಟೀಚರ್ ಅವರಿಗೆ ಸಲಾಂ.

ಹಣಮಂತಪ್ಪ ಸರ್ ಅವರ ಟಿವಿಯನ್ನು ನಾನು ರಿಪೇರಿ ಮಾಡಿದ್ದು ಎರಡೇ ಸಲ. ಮೂರನೆಯ ಸಲ ಬರೀ ಪ್ಲಗ್ ಸಡಿಲಾಗಿತ್ತು. ಅದಕ್ಕೆ ನಾನು ಬೈದದ್ದನ್ನು ಅವರು ಇನ್ನೂ ನೆನಪಿಟ್ಟುಕೊಂಡಿದ್ದಾರೆ ಎಂದು ಗೊತ್ತಾಯಿತು.

ನನ್ನದು ಒಂದೇ ಕರಾರು. ಫೋನ್ ಮಾಡಬೇಡಿ. ಫೋನಿನಲ್ಲಿ ಜನ ತಮಗೆ ಅನಿಸಿದ್ದನ್ನು ಹೇಳುತ್ತಾರೆ, ನೋಡಿದ್ದನ್ನು ಹೇಳುವುದಿಲ್ಲ. ಬರೆಯಲು ಕುಳಿತರೆ ಇನ್ನೊಮ್ಮೆ ನೋಡುತ್ತಾರೆ. ಪರದೆಯ ಮೇಲೆ ಏನು ಬಂತೋ ಅದನ್ನು ಇದ್ದದ್ದು ಇದ್ದಂತೆ ಬರೆಯಿರಿ. ಉಳಿದದ್ದು ನನಗೆ ಬಿಡಿ.

ಬಸ್ಸಿನಲ್ಲಿ ಎರಡೂವರೆ ತಾಸಿನ ದಾರಿ. ಸೂಟಿ ಬಿದ್ದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರೆ ಎಪಿಎಂಸಿ ಹತ್ತಿರವೇ ನನ್ನ ಅಂಗಡಿ. ನೀವು ಎರಡು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿಸಿ ಕೊಡುತ್ತೇನೆ. ಬರಲಾಗದಿದ್ದರೆ ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿ ಒಳಗಿನ ಡಿಸ್ಕ್ ಒಂದನ್ನೇ ಕಳಿಸಿ. ನಾಲ್ಕು ಸ್ಕ್ರೂ ಇರುತ್ತವೆ. ನಮ್ಮ ಓಣಿಯ ಸಾಜಿದ್ ಆ ಕಡೆಯ ಬಸ್ ಓಡಿಸುತ್ತಾನೆ. ಅವನ ಕೈಗೆ ಕೊಟ್ಟರೆ ಸಂಜೆಗೆ ನನ್ನ ಟೇಬಲ್ ಮೇಲಿರುತ್ತದೆ. ನನ್ನ ಯಂತ್ರಕ್ಕೆ ಜೋಡಿಸಿ ಲಿನಕ್ಸ್ ಹಾಕಿ ವಾಪಸ್ ಕಳಿಸುತ್ತೇನೆ. ಓದುವ ಸೌಲಭ್ಯ ಅದರಲ್ಲಿ ಇದ್ದೇ ಇರುತ್ತದೆ, ಅದರ ಕನ್ನಡದ ಧ್ವನಿಯನ್ನೂ ಸೇರಿಸುತ್ತೇನೆ. ಹೇಗೆ ಓದುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಜಮಾಲಸಾಬ


ಸಾಲಹಳ್ಳಿ
12 ಏಪ್ರಿಲ್ 2025
(ಇದನ್ನು ಕಳಿಸಲಿಲ್ಲ)

ಜಮಾಲಸಾಬ ಅವರೇ,

ಇದ್ದದ್ದು ಇದ್ದಂತೆ ಬರೆಯಿರಿ ಎಂದಿರಿ. ಬರೆಯುತ್ತೇನೆ.

ಲ್ಯಾಪ್‌ಟಾಪ್ ಮಕ್ಕಳಿಗಲ್ಲ, ನನಗೆ. ನನ್ನ ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ ಎಂದು ಬೆಳಗಾವಿಯ ಡಾಕ್ಟರು ಎರಡು ವರ್ಷದ ಹಿಂದೆ ಹೇಳಿದರು. ಔಷಧ ಇಲ್ಲ. ಬಿಸಿಲಿನಲ್ಲಿ ದಪ್ಪ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತೇನೆ. ನೆರಳಿಗೆ ಬಂದರೆ ಎಲ್ಲ ಒಂದೇ ಬಣ್ಣ. ಈ ವರ್ಷ ಏಳನೆಯ ತರಗತಿಯ ಪಾಠಗಳನ್ನು ನೆನಪಿನಿಂದಲೇ ಮಾಡಿ ಮುಗಿಸಿದೆ. ಉತ್ತರ ಪತ್ರಿಕೆಗಳನ್ನು ಮಾಳಿಗೆಯ ಮೇಲೆ ಬಿಸಿಲಲ್ಲಿ ಕುಳಿತು ತಿದ್ದಿದೆ. ಮುಂದಿನ ವರ್ಷಕ್ಕೆ ಅಷ್ಟೂ ಉಳಿದಿರುವುದಿಲ್ಲ. ಯಂತ್ರ ಓದಿ ಹೇಳಿದರೆ ಕೇಳಿ ಬಾಯಿಪಾಠ ಮಾಡಿಕೊಂಡು ಕಲಿಸಬಲ್ಲೆ. ಇಲ್ಲದಿದ್ದರೆ ಕೆಲಸ ಬಿಡಬೇಕು. ಮನೆಯಲ್ಲಿ ನಮ್ಮವ್ವ ಬಾಯವ್ವನಿಗೆ ಒಬ್ಬಳಿಗೇ ಈ ವಿಷಯ ಗೊತ್ತು. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ.

ಬೈಲಹೊಂಗಲಕ್ಕೆ ಬರುವುದು ದೊಡ್ಡ ಮಾತಲ್ಲ. ಆದರೆ ಬಸ್ಸಿನ ಬೋರ್ಡು ಓದಲಾಗುವುದಿಲ್ಲ. ಹೋದ ತಿಂಗಳು ರಾಮದುರ್ಗದ ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸೆಂದು ಸವದತ್ತಿಯ ಬಸ್ ಹತ್ತಿದೆ. ಕಂಡಕ್ಟರ್, "ಬೋರ್ಡ್ ನೋಡೂದಿಲ್ಲೇನ್ರಿ ಟೀಚರ್" ಎಂದು ನಕ್ಕ. ನಾನೂ ನಕ್ಕು ಇಳಿದೆ. ಆಮೇಲೆ ಎಲ್ಲಿಗೂ ಒಬ್ಬಳೇ ಹೋಗಿಲ್ಲ.

ಇದನ್ನೆಲ್ಲ ಮುಖ ನೋಡದ ಮನುಷ್ಯನಿಗೆ ಬರೆಯುವುದೇ ಸುಲಭ ಅಂದುಕೊಂಡಿದ್ದೆ. ಸುಲಭವಿಲ್ಲ.


ಸಾಲಹಳ್ಳಿ
13 ಏಪ್ರಿಲ್ 2025

ಮಾನ್ಯ ಜಮಾಲಸಾಬ ಅವರಿಗೆ,

ಸೂಟಿಯಲ್ಲಿ ಮನೆಯ ಕೆಲಸ ಬಹಳ ಇರುವುದರಿಂದ ಬರಲಾಗುವುದಿಲ್ಲ. ಡಿಸ್ಕನ್ನು ಬಿಚ್ಚಿ, ಹತ್ತಿ ಸುತ್ತಿ, ಕರದಂಟಿನ ಖಾಲಿ ಡಬ್ಬಿಯಲ್ಲಿಟ್ಟು ಸಾಜಿದ್ ಅವರ ಕೈಗೆ ಕೊಟ್ಟಿದ್ದೇನೆ. ಸ್ಕ್ರೂ ಬಿಚ್ಚುವುದು ಕಷ್ಟವಾಗಲಿಲ್ಲ.

ಒಂದು ವಿನಂತಿ. ನಿಮ್ಮ ಅಕ್ಷರ ಬಹಳ ಸಣ್ಣ. ಸ್ವಲ್ಪ ದೊಡ್ಡದಾಗಿ, ಕಪ್ಪು ಶಾಯಿಯಲ್ಲಿ ಬರೆದರೆ ಅನುಕೂಲ.

ರಂಜನಾ


ಬೈಲಹೊಂಗಲ
19 ಏಪ್ರಿಲ್ 2025

ರಂಜನಾ ಟೀಚರ್ ಅವರಿಗೆ,

ನನ್ನ ಅಕ್ಷರಕ್ಕೆ ಮಾರ್ಕ್ಸ್ ಕಡಿಮೆ ಕೊಟ್ಟ ಎರಡನೆಯ ಟೀಚರ್ ನೀವು. ಮೊದಲನೆಯವರು ಸಂಗಪ್ಪ ಮಾಸ್ತರರು, ಕಿತ್ತೂರಿನ ಸಾಲಿಯಲ್ಲಿ. ಅವರು ಕೈಮೇಲೆ ಹೊಡೆಯುತ್ತಿದ್ದರು. ನೀವು ಹೊಡೆಯಲಾಗದಷ್ಟು ದೂರ ಇರುವುದರಿಂದ ಹೆದರಿಕೆ ಇಲ್ಲ, ಆದರೂ ಈ ಸಲ ದೊಡ್ಡದಾಗಿ ಬರೆಯುತ್ತಿದ್ದೇನೆ. ಹಾಳೆ ಮುಗಿದರೆ ಖರ್ಚನ್ನು ನಿಮ್ಮ ಮೇಲೆ ಹಾಕುತ್ತೇನೆ.

ಲಿನಕ್ಸ್ ಹಾಕಿ ಆಯಿತು. ನನ್ನ ಯಂತ್ರದಲ್ಲಿ ಹತ್ತು ಸಲ ಏಳಿಸಿ ನೋಡಿದೆ, ಹತ್ತೂ ಸಲ ಎದ್ದಿತು. ಪಾಸ್‌ವರ್ಡ್ ಕೇಳದೆ ನೇರ ಒಳಗೆ ಹೋಗುವಂತೆ ಇಟ್ಟಿದ್ದೇನೆ. ಡಿಸ್ಕನ್ನು ಅದರ ಜಾಗದಲ್ಲಿ ಕೂರಿಸಿ ಬಟನ್ ಒತ್ತಿ.

ಜಮಾಲಸಾಬ


ಸಾಲಹಳ್ಳಿ
24 ಏಪ್ರಿಲ್ 2025

ಮಾನ್ಯ ಜಮಾಲಸಾಬ ಅವರಿಗೆ,

ಡಿಸ್ಕ್ ಹಾಕಿ ಬಟನ್ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿಯ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ "ನೋ ಬೂಟಬಲ್ ಡಿವೈಸ್" ಎಂದು ಬರುತ್ತದೆ. ಬೇರೇನೂ ಇಲ್ಲ. ಡಿಸ್ಕನ್ನು ಬಿಚ್ಚಿ ಮತ್ತೆ ಕೂರಿಸಿದೆ, ಅದೇ ಬಂತು.

ನಿಮ್ಮಲ್ಲಿ ಹತ್ತು ಸಲ ಎದ್ದದ್ದು ಇಲ್ಲಿ ಒಂದು ಸಲವೂ ಯಾಕೆ ಏಳುವುದಿಲ್ಲ? ಬಸ್ಸಿನಲ್ಲಿ ಪೆಟ್ಟಾಗಿರಬಹುದೇ? ದಿನಗಳು ಹೋಗುತ್ತಿವೆ.

ರಂಜನಾ


ಬೈಲಹೊಂಗಲ
28 ಏಪ್ರಿಲ್ 2025

ರಂಜನಾ ಟೀಚರ್ ಅವರಿಗೆ,

ಬಸ್ಸಿನದು ತಪ್ಪಿಲ್ಲ, ಸಾಜಿದನದೂ ಇಲ್ಲ. ತಪ್ಪು ನನ್ನದು.

ಲಿನಕ್ಸ್ ಹಾಕುವಾಗ ಅದು ಎರಡು ಕಡೆ ಗುರುತು ಬರೆಯುತ್ತದೆ. ತನ್ನ ಸಾಮಾನನ್ನೆಲ್ಲ ಡಿಸ್ಕಿನಲ್ಲಿ ಇಡುತ್ತದೆ. ತಾನು ಯಾವ ಹೆಸರಿನಲ್ಲಿ, ಎಲ್ಲಿ ಇದ್ದೇನೆ ಎಂಬ ವಿಳಾಸವನ್ನು ಯಂತ್ರದ ಸ್ವಂತ ನೆನಪಿನಲ್ಲಿ ಇಡುತ್ತದೆ. ಆ ವಿಳಾಸ ನನ್ನ ಯಂತ್ರದಲ್ಲೇ ಉಳಿಯಿತು. ಡಿಸ್ಕ್ ಮಾತ್ರ ಸಾಲಹಳ್ಳಿಗೆ ಬಂತು. ನಿಮ್ಮ ಲ್ಯಾಪ್‌ಟಾಪಿಗೆ ಅದು ಗುರುತಿಲ್ಲದ ನೆಂಟ. ಯಾವ ಯಂತ್ರವಾದರೂ ಕೇಳದೆ ಹುಡುಕಿಕೊಳ್ಳುವ ಒಂದು ಸಾಮಾನ್ಯ ಜಾಗದಲ್ಲಿ ಇನ್ನೊಂದು ಪ್ರತಿ ಇಡಬೇಕಿತ್ತು. ಮೂವತ್ತು ವರ್ಷ ರಿಪೇರಿ ಮಾಡಿದವನು ಇದನ್ನು ಮರೆತೆ.

ಡಿಸ್ಕ್ ಮತ್ತೊಮ್ಮೆ ಕಳಿಸಿ. ಮುಂದಿನ ವಾರದಿಂದ ಸಾಜಿದನನ್ನು ಒಂದು ತಿಂಗಳು ಬೇರೆ ರೂಟಿಗೆ ಹಾಕುತ್ತಾರಂತೆ. ಅದಕ್ಕೆ ತಡ ಮಾಡಬೇಡಿ.

ಜಮಾಲಸಾಬ


ಸಾಲಹಳ್ಳಿ
5 ಮೇ 2025

ಮಾನ್ಯ ಜಮಾಲಸಾಬ ಅವರಿಗೆ,

ಡಿಸ್ಕ್ ವಾಪಸ್ ಬಂತು. ಹಾಕಿದೆ. ಈಗ ಮೊದಲಿನ ಅಕ್ಷರ ಬರುವುದಿಲ್ಲ. ಬಟನ್ ಒತ್ತಿದ ಮೇಲೆ ಕಂಪನಿಯ ಗುರುತು ಬಿಳಿಯಾಗಿ ಬರುತ್ತದೆ, ನಂತರ ಪರದೆ ಕಪ್ಪಾಗುತ್ತದೆ, ಹಾಗೆಯೇ ಉಳಿಯುತ್ತದೆ. ಅರ್ಧ ತಾಸು ಬಿಟ್ಟು ನೋಡಿದೆ. ಕಪ್ಪೇ.

ಸುಮಾರು ಒಂದು ನಿಮಿಷದ ನಂತರ ಒಳಗಿನಿಂದ ಡಂ ಎಂದು ಒಂದು ಸದ್ದು ಬರುತ್ತದೆ. ಪ್ರತಿ ಸಲವೂ ಬರುತ್ತದೆ. ಇದು ಕೆಟ್ಟುಹೋದ ಲಕ್ಷಣವೇ?

ರಂಜನಾ


ಬೈಲಹೊಂಗಲ
9 ಮೇ 2025

ರಂಜನಾ ಟೀಚರ್ ಅವರಿಗೆ,

ಸದ್ದಿನ ಮಾತು ಬಿಡಿ. ಹಳೆಯ ಯಂತ್ರಗಳು ನೂರೆಂಟು ಸದ್ದು ಮಾಡುತ್ತವೆ. ನಾನು ಸದ್ದು ಹಿಡಿದುಕೊಂಡು ರಿಪೇರಿ ಮಾಡುವವನಲ್ಲ. ಪರದೆಯ ಕಡೆ ನೋಡಿ.

ಪರದೆಯಲ್ಲಿ ಅಕ್ಷರ ಮೂಡಿಸುವ ಭಾಗ ಬೇರೆ, ಹಿಂದಿನಿಂದ ಬೆಳಕು ಕೊಡುವ ದೀಪ ಬೇರೆ. ನಿಮ್ಮ ಮಾಡೆಲ್‌ನಲ್ಲಿ ಲಿನಕ್ಸ್ ಏಳುವಾಗ ಆ ದೀಪವನ್ನೇ ಆರಿಸಿಬಿಡುವ ಚಾಳಿ ಇದೆ ಎಂದು ಓದಿದ್ದೇನೆ. ಅದನ್ನು ಪರೀಕ್ಷಿಸುವುದು ಸುಲಭ. ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಚಿತ್ರ, ಅಕ್ಷರ ಮಸುಕಾಗಿ ಕಂಡರೆ ಯಂತ್ರ ಪೂರ್ತಿ ಎದ್ದಿದೆ, ದೀಪ ಮಾತ್ರ ಆರಿದೆ. ಏನೂ ಇಲ್ಲವೆಂದರೆ ಅದು ಅರ್ಧ ದಾರಿಯಲ್ಲೇ ನಿಂತಿದೆ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಅದರಲ್ಲಿ ಎರಡು ಇಂಗ್ಲಿಷ್ ಪದಗಳಿವೆ. ಬಟನ್ ಒತ್ತಿದ ಕೂಡಲೇ ಎಸ್ಕೇಪ್ ಕೀಲಿ ತಟ್ಟಿದರೆ ಒಂದು ಪಟ್ಟಿ ಬರುತ್ತದೆ. ಆಗ ಇನ್ನೂ ದೀಪ ಇರುತ್ತದೆ. ಇಂಗ್ಲಿಷ್ ಇ ಒತ್ತಿದರೆ ಹತ್ತು ಹದಿನೈದು ಸಾಲು ಕಾಣುತ್ತವೆ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಸಾಲಿನ ಕೊನೆಗೆ ಹೋಗಿ ಮೊದಲ ಪದ ಸೇರಿಸಿ, ಎಫ್ ಹತ್ತು ಒತ್ತಿ. ಆಗದಿದ್ದರೆ ಮುಂದಿನ ಸಲ ಎರಡನೆಯದು. ಅಕ್ಷರ ಸಣ್ಣವಿರುತ್ತವೆ. ನಿಮ್ಮ ಕಣ್ಣಿಗೆ ತೊಂದರೆಯಾದರೆ ಓಣಿಯ ಯಾರಾದರೂ ಹುಡುಗಿಯನ್ನು ಕರೆದು ತೋರಿಸಿ, ಎಳೆಯ ಕಣ್ಣು ಚುರುಕು.

ಒಂದು ಮಾತು. ನೀವೀಗ ಗೋಡೆ ಬರಹದ ಪೆನ್ನಿನಲ್ಲಿ ಪತ್ರ ಬರೆಯುತ್ತಿದ್ದೀರಿ. ನನಗೆ ಅಕ್ಷರ ದೊಡ್ಡದು ಮಾಡಿ ಎಂದವರು ನೀವೇ ಪುಟಕ್ಕೆ ಹತ್ತು ಸಾಲಿಗೆ ಬಂದಿದ್ದೀರಿ. ನಾನು ಮುದುಕನಾಗಿದ್ದೇನೆ, ಕುರುಡನಾಗಿಲ್ಲ.

ಜಮಾಲಸಾಬ


ಸಾಲಹಳ್ಳಿ
14 ಮೇ 2025

ಜಮಾಲಸಾಬ ಅವರಿಗೆ,

ನೀವು ಹೇಳಿದಂತೆ ಎರಡೂ ಪದಗಳನ್ನು ಹಾಕಿ ನೋಡಿದೆ. ಪರದೆ ಕಪ್ಪೇ ಇದೆ. ಟಾರ್ಚ್ ಹಿಡಿದೂ ನೋಡಿದೆ. ಬರೀ ಕಪ್ಪು.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಯಾರನ್ನೂ ಕರೆಯುವ ಅಗತ್ಯ ಬೀಳಲಿಲ್ಲ.

ಡಂ ಎನ್ನುವುದು ಈಗಲೂ ಬರುತ್ತದೆ.

ರಂಜನಾ


ಬೈಲಹೊಂಗಲ
17 ಮೇ 2025

ರಂಜನಾ ಟೀಚರ್ ಅವರಿಗೆ,

ತಮಾಷೆಗೆ ಬರೆದದ್ದು ನಿಮಗೆ ಚುಚ್ಚಿದಂತಿದೆ. ಇರಲಿ.

ಎರಡೂ ಪದ ಹಾಕಿ, ಟಾರ್ಚಿನಲ್ಲೂ ಏನೂ ಇಲ್ಲವೆಂದರೆ ನನ್ನ ಲೆಕ್ಕ ಮುಗಿಯಿತು. ನಿಮ್ಮ ಲ್ಯಾಪ್‌ಟಾಪಿನ ಚಿತ್ರ ಮೂಡಿಸುವ ಚಿಪ್ ಲಿನಕ್ಸನ್ನು ಅರ್ಧ ದಾರಿಯಲ್ಲೇ ನಿಲ್ಲಿಸುತ್ತಿದೆ. ಅದನ್ನು ಬದಲಿಸಲು ಆಗುವುದಿಲ್ಲ. ಕೊಂಡ ಅಂಗಡಿಗೆ ವಾಪಸ್ ಕೊಡಿ. ತಗೊಳ್ಳದಿದ್ದರೆ ಗುಜರಿಗೆ ಹಾಕಿ. ಮೇ 29ರ ಆಸೆ ಬಿಡಿ. ಮಕ್ಕಳು ಇನ್ನೊಂದು ವರ್ಷ ನಿಮ್ಮ ಬಾಯಿಂದಲೇ ಪಾಠ ಕೇಳಲಿ, ಏನೂ ಕೆಡುವುದಿಲ್ಲ.

ಜಮಾಲಸಾಬ


ಸಾಲಹಳ್ಳಿ
20 ಮೇ 2025

ಜಮಾಲಸಾಬ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಒಂದೂವರೆ ತಿಂಗಳು ನನ್ನ ಸಲುವಾಗಿ ಶ್ರಮಪಟ್ಟಿರಿ. ಉಪಕಾರ ಮರೆಯುವುದಿಲ್ಲ.

ಇನ್ನು ಅದರ ಅಗತ್ಯವೂ ಇಲ್ಲ. ಸ್ವಯಂ ನಿವೃತ್ತಿಯ ಅರ್ಜಿ ಬರೆದಿಟ್ಟಿದ್ದೇನೆ. ಶಾಲೆ ಶುರುವಾಗುವ ದಿನ ಹಣಮಂತಪ್ಪ ಸರ್ ಕೈಗೆ ಕೊಡುತ್ತೇನೆ. ಇಪ್ಪತ್ತೊಂದು ವರ್ಷ ಕಲಿಸಿದ್ದೇನೆ, ಸಾಕು.

ಲ್ಯಾಪ್‌ಟಾಪನ್ನು ಗುಜರಿಗೆ ಹಾಕಿಲ್ಲ. ಸಂಜೆ ಸುಮ್ಮನೆ ಚಾಲೂ ಮಾಡುತ್ತೇನೆ. ಒಂದು ನಿಮಿಷಕ್ಕೆ ಸರಿಯಾಗಿ ಡಂ ಎನ್ನುತ್ತದೆ. ನಮ್ಮವ್ವ, "ಅದು ಎದ್ದೇನಿ ಅಂತ ಹೇಳಾಕ ಹತ್ತೇತಿ, ನೀ ಕೇಳವಲ್ಲಿ" ಎನ್ನುತ್ತಾಳೆ. ಅವಳಿಗೇನು ಗೊತ್ತು.

ನಿಮಗೆ ಒಳ್ಳೆಯದಾಗಲಿ.

ರಂಜನಾ


ಬೈಲಹೊಂಗಲ
22 ಮೇ 2025

ರಂಜನಾ ಟೀಚರ್,

ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಮಗಳು ಅಂಬರೀನಳ ಕೈಯಿಂದ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ಮೊದಲು ಅರ್ಜಿಯನ್ನು ಒಳಗಿಡಿ, ಆಮೇಲೆ ಓದಿ.

ನಿಮ್ಮ ಅವ್ವ ಹೇಳಿದ್ದು ಸರಿ. ಮೂವತ್ತು ವರ್ಷದ ಮೆಕ್ಯಾನಿಕ್ ಹೇಳಿದ್ದು ತಪ್ಪು.

ನನಗೆ ಕಿವಿ ಕೇಳಿಸುವುದಿಲ್ಲ. ಹನ್ನೊಂದು ವರ್ಷವಾಯಿತು, ಎರಡೂ ಕಿವಿ. ಫೋನ್ ಎತ್ತದಿರುವುದಕ್ಕೆ ಅದೇ ಕಾರಣ. ನಿಮಗೆ ಬರೆದ ಕಾರಣ ನಾನು ದೂರದವರಿಗೆಲ್ಲ ಹೇಳಿ ಹೇಳಿ ರೂಢಿಯಾದ ಸುಳ್ಳು. ಅಂಗಡಿಯ ಟೇಬಲ್ ಮೇಲೆ ಒಂದು ಪಾಟಿ ಇಟ್ಟಿದ್ದೇನೆ, ಬಂದವರು ಅದರ ಮೇಲೆ ಬರೆಯುತ್ತಾರೆ.

ನಿನ್ನೆ ನಿಮ್ಮ ಪತ್ರವನ್ನು ಅಂಬರೀನ ಓದಿದಳು. ಪಾಟಿ ತಗೊಂಡು ಬರೆದಳು: "ಅಬ್ಬಾ, ಡಂ ಅನ್ನೂದು ಲಿನಕ್ಸ್ ಪೂರಾ ಎದ್ದ ಮ್ಯಾಲೆ ಬರೂ ಸದ್ದು. ನಿಮ್ಮ ಮಷೀನ್‌ನ್ಯಾಗೂ ದಿನಾ ಬರತೈತಿ. ಓಣಿ ಮಂದಿಗೆಲ್ಲ ಗೊತ್ತೈತಿ." ನಾನು ಅದನ್ನು ಎರಡು ಸಲ ಓದಿದೆ. ನೂರಾರು ಯಂತ್ರಗಳಿಗೆ ಲಿನಕ್ಸ್ ಹಾಕಿದ್ದೇನೆ. ಅದು ಏಳುವಾಗ ಸದ್ದು ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನೀವು ಮೂರು ಪತ್ರಗಳಲ್ಲಿ ಮೂರು ಸಲ ಬರೆದಿರಿ. ಮೊದಲನೆಯದಕ್ಕೆ ಬೈದೆ, ಎರಡನೆಯದನ್ನು ಓದಿ ಸುಮ್ಮನಾದೆ. ನಿಮ್ಮ ಯಂತ್ರ ಮೇ 5ರಿಂದ ದಿನಾ ಏಳುತ್ತಿದೆ.

ಯಂತ್ರ ಪೂರ್ತಿ ಎದ್ದಿದ್ದರೆ ಟಾರ್ಚಿನ ಬೆಳಕಿಗೆ ಮಸುಕು ಚಿತ್ರ ಇರಲೇಬೇಕು. ನೀವು ಇಲ್ಲವೆಂದಿರಿ. ಆಗ ನಿಮ್ಮ ಪತ್ರಗಳನ್ನೆಲ್ಲ ಟೇಬಲ್ ಮೇಲೆ ಸಾಲಾಗಿ ಇಟ್ಟೆ. ಏಪ್ರಿಲ್‌ನಲ್ಲಿ ಪುಟಕ್ಕೆ ಹದಿನೆಂಟು ಸಾಲು, ಈಗ ಆರು. ಎರಡು ಕಡೆ ಸಾಲಿನ ಮೇಲೆ ಸಾಲು ಬಿದ್ದಿದೆ. ನಾನು ಅದನ್ನು ನೋಡಿ ತಮಾಷೆ ಮಾಡಿದ್ದೆ. ನಿಮ್ಮ ಕಣ್ಣಿನ ಬಗ್ಗೆ ಕೇಳುವ ಹಕ್ಕು ನನಗಿಲ್ಲ. ನನ್ನ ಊಹೆ ತಪ್ಪಾಗಿದ್ದರೆ ಈ ಪತ್ರ ಹರಿದು ಹಾಕಿ. ಸರಿಯಾಗಿದ್ದರೆ ಹೀಗೆ ಮಾಡಿ.

ಬಟನ್ ಒತ್ತಿ. ಪರದೆಯ ಕಡೆ ನೋಡಲೇಬೇಡಿ. ಡಂ ಎನ್ನುವವರೆಗೆ ಕಾಯಿರಿ. ಆಮೇಲೆ ಕೀಲಿಮಣೆಯ ಕೆಳಸಾಲಿನ ಎಡಗಡೆ, ಕಂಟ್ರೋಲ್ ಮತ್ತು ಆಲ್ಟ್ ನಡುವೆ ಕಿಟಕಿಯ ಗುರುತಿನ ಕೀಲಿ ಇದೆ. ಅದನ್ನೂ ಆಲ್ಟನ್ನೂ ಒತ್ತಿ ಹಿಡಿದು ಇಂಗ್ಲಿಷ್ ಎಸ್ ಒತ್ತಿ. ಏನು ಕೇಳಿಸಿತು ಎಂದು ಬರೆಯಿರಿ. ಈ ಸಲ ನೋಡಿದ್ದು ಬೇಡ, ಕೇಳಿದ್ದು ಬರೆಯಿರಿ.

ಕೆಳಗೆ ಅಂಬರೀನಳ ಫೋನ್ ನಂಬರ್ ಇದೆ. ಮುಂದಿನ ಕೆಲಸದಲ್ಲಿ ನಾನು ನಿಮಗೆ ಉಪಯೋಗವಿಲ್ಲ. ಅವಳು ಇದ್ದಾಳೆ.

ನಿಮ್ಮ ಹದಿನೇಳು ದಿನ ಹಾಳು ಮಾಡಿದ್ದಕ್ಕೆ ಕ್ಷಮಿಸಿ.

ಜಮಾಲಸಾಬ


ಸಾಲಹಳ್ಳಿ
25 ಮೇ 2025

ಜಮಾಲಸಾಬ ಅಣ್ಣಾರಿಗೆ,

ನಿನ್ನೆ ಮಧ್ಯಾಹ್ನ ಪತ್ರ ಬಂತು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಟನ್ ಒತ್ತಿದೆ. ಡಂ ಎಂದಿತು. ಮೂರು ಕೀಲಿ ಒತ್ತಿದೆ. ಮೂಗಿನಲ್ಲಿ ಮಾತಾಡುವ ಒಬ್ಬ ಗಂಡಸು "ಸ್ಕ್ರೀನ್ ರೀಡರ್ ಆನ್" ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವ್ವ ಸೆರಗು ಹೊದ್ದುಕೊಂಡಳು, ಮನೆಗೆ ಯಾರೋ ಪರಗಂಡಸರು ಬಂದರು ಎಂದು. ನಾನು ಬಹಳ ಹೊತ್ತು ನಕ್ಕೆ.

ನಿಮ್ಮ ಊಹೆ ಸರಿ. ಇನ್ನು ಮುಚ್ಚಿಡುವುದಿಲ್ಲ. ಏಪ್ರಿಲ್ 12ರಂದು ಬರೆದು ಕಳಿಸದೆ ಇಟ್ಟ ಒಂದು ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಮೇ 14ರಂದು ನಿಮಗೆ ಬರೆದದ್ದು ಸುಳ್ಳು. ಆ ಹದಿನೈದು ಸಾಲುಗಳು ನನಗೆ ಇರುವೆ ಹರಿದಂತೆ ಕಂಡವು. ಲಿನಕ್ಸ್ ಎಂಬ ಪದ ಯಾವ ಸಾಲಿನಲ್ಲಿದೆಯೋ ಸಿಗಲೇ ಇಲ್ಲ, ಕೈಗೆ ಬಂದ ಕಡೆ ಪದ ಸೇರಿಸಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದಾಗ ನನಗೆ ಟಾರ್ಚ್ ಬಿಟ್ಟರೆ ಬೇರೇನೂ ಕಾಣಲಿಲ್ಲ. ಇಂದು ಬೆಳಿಗ್ಗೆ ಅವ್ವನ ಕೈಗೆ ಟಾರ್ಚ್ ಕೊಟ್ಟೆ. "ಚಿತ್ರ ಐತಲ್ಲ, ಗುಡ್ಡ, ಗಿಡ" ಎಂದಳು. ಅವಳಿಗೆ ಎಪ್ಪತ್ತೆರಡು ವರ್ಷ. ನಿಮ್ಮನ್ನು ತಪ್ಪು ದಾರಿಗೆ ಹಚ್ಚಿದವಳು ನಾನು, ಕ್ಷಮೆ ನಾನು ಕೇಳಬೇಕು.

ಅಂಬರೀನಳಿಗೆ ಫೋನ್ ಮಾಡಿದೆ. ತಾನೂ ಕಣ್ಣಿಗೆ ಓಢಣಿ ಕಟ್ಟಿಕೊಂಡು ಕೂತಿದ್ದೇನೆ ಎಂದಳು, ಇಲ್ಲದಿದ್ದರೆ ಕೀಲಿಗಳನ್ನು ಸರಿಯಾಗಿ ಹೇಳಲು ಬರುವುದಿಲ್ಲವಂತೆ. "ಅಕ್ಕಾರ, ಈಗ ಟ್ಯಾಬ್ ಒತ್ರಿ. ಏನಂತು? ನಂದೂ ಹಂಗ ಅಂತು. ಮುಂದ ಹೋಗೂಣು" ಎನ್ನುತ್ತ ಒಂದೂವರೆ ತಾಸು ಕೂತಳು. ಕೊನೆಗೆ ಧ್ವನಿ ಕನ್ನಡಕ್ಕೆ ಬಂತು. ಕನ್ನಡವನ್ನು ಆ ಗಂಡಸು ಕಲ್ಲು ಅಗಿದಂತೆ ಓದುತ್ತಾನೆ. ಒತ್ತಕ್ಷರಗಳನ್ನು ನುಂಗುತ್ತಾನೆ. ನನ್ನ ತರಗತಿಯಲ್ಲಿದ್ದರೆ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಆದರೂ ಅವಳು ಹೇಳಿಕೊಟ್ಟಂತೆ ಇಂಟರ್ನೆಟ್‌ನಿಂದ ಇಳಿಸಿಕೊಂಡ ಏಳನೆಯ ತರಗತಿಯ ಮೊದಲ ಪಾಠವನ್ನು ಪೂರ್ತಿ ಓದಿದ. ಒಂದು ವರ್ಷದಿಂದ ನಾನು ಒಂದು ಪುಟವನ್ನೂ ನಿಲ್ಲದೆ ಓದಿರಲಿಲ್ಲ.

ಪರದೆಯ ದೀಪವನ್ನು ಸರಿ ಮಾಡಲು ಡಿಸ್ಕ್ ಕಳಿಸು ಎನ್ನಬೇಡಿ. ಇರುವ ನಾಲ್ಕು ದಿನ ಅದನ್ನು ಬಿಟ್ಟುಕೊಡಲಾರೆ. ದೀಪ ನನಗೆ ಬೇಕಾಗಿಯೂ ಇಲ್ಲ, ಬ್ಯಾಟರಿ ಉಳಿಯುತ್ತದೆ.

ಅರ್ಜಿ ಇನ್ನೂ ಚೀಲದಲ್ಲಿದೆ. ಯಂತ್ರ ಓದುತ್ತದೆ, ನಿಜ. ಆದರೆ ಅದನ್ನು ತರಗತಿಗೆ ಒಯ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಣ್ಣು ಕಾಣದವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದು ಒಬ್ಬರು ಅಂದರೂ ನಾನು ಅಲ್ಲಿ ನಿಲ್ಲಲಾರೆ. ನನಗೆ ಹೆದರಿಕೆಯಾಗುತ್ತಿದೆ.

ನಿಮ್ಮ ತಂಗಿ,
ರಂಜನಾ


ಬೈಲಹೊಂಗಲ
27 ಮೇ 2025

ತಂಗಿ ರಂಜನಾಗೆ,

ಅಂಚೆ ನಂಬಿಕೊಂಡರೆ ತಡವಾಗುತ್ತದೆ. ಅದಕ್ಕೆ ಸಾಜಿದನ ಗೆಳೆಯ ಶ್ರೀಶೈಲನ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಕಿವಿ ಹೋದಾಗ ನಾನೂ ಎರಡು ವರ್ಷ ಮುಚ್ಚಿಟ್ಟೆ. ಆಗ ಟಿವಿ ರಿಪೇರಿ ಮಾಡುತ್ತಿದ್ದೆ. ಬಂದವರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ. "ಚಿತ್ರ ಛಲೋ ಬರತೈತಿ, ಆವಾಜಷ್ಟ ಗೊರಗೊರ ಅಂತೈತಿ" ಎಂದು ಚಚಡಿ ಊರಿನ ಒಬ್ಬರು ಹೇಳಿ ಹೋಗಿದ್ದರೆಂದು ಬಹಳ ದಿನದ ಮೇಲೆ ಗೊತ್ತಾಯಿತು. ನಾನು ಚಿತ್ರದ ಭಾಗವನ್ನೆಲ್ಲ ಬಿಚ್ಚಿ ಜೋಡಿಸಿ ಕೊಟ್ಟೆ. ಅವರು ಮೂರು ಸಲ ವಾಪಸ್ ತಂದರು, ನಾಲ್ಕನೆಯ ಸಲ ಬರಲೇ ಇಲ್ಲ. ಹಾಗೆಯೇ ಒಬ್ಬೊಬ್ಬರಾಗಿ ಬಿಟ್ಟರು. ಜಮಾಲಸಾಬನಿಗೆ ಕೆಲಸ ಮರೆತಿದೆ ಅಂದರು. ಕಿವುಡ ಎನ್ನಿಸಿಕೊಳ್ಳಬಾರದೆಂದು ದಡ್ಡ ಎನ್ನಿಸಿಕೊಂಡೆ. ಕೊನೆಗೆ ಅಂಗಡಿ ಮುಚ್ಚಿದೆ. ಮತ್ತೆ ತೆರೆದದ್ದು ಅಂಬರೀನ ಪಾಟಿ ತಂದು ಟೇಬಲ್ ಮೇಲೆ ಇಟ್ಟ ದಿನ. ಆ ಮುಚ್ಚಿದ ಅಂಗಡಿಯ ಕಾಲ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೆಲಸದಲ್ಲಿರುವಾಗ ಕಣ್ಣು ಹೋದರೆ ಸರಕಾರ ತಾನಾಗಿ ಮನೆಗೆ ಕಳಿಸುವಂತಿಲ್ಲ ಎಂಬ ಕಾನೂನು ಇದೆಯಂತೆ. ಅಂಬರೀನ ಅದರ ಪ್ರತಿ ತೆಗೆದು ಇದರ ಜೊತೆ ಇಟ್ಟಿದ್ದಾಳೆ. ಯಂತ್ರದಿಂದ ಓದಿಸಿಕೊಳ್ಳಲು ಬೇರೆಯಾಗಿ ಪೆನ್‌ಡ್ರೈವ್‌ನಲ್ಲೂ ಹಾಕಿದ್ದಾಳೆ. ಅರ್ಜಿ ಕೊಡುವುದು ಬಿಡುವುದು ನಿನ್ನ ಇಷ್ಟ. ನಾನು ಹೇಳುವುದು ಇಷ್ಟೇ, ಮೊದಲು ಇದ್ದದ್ದನ್ನು ಹೇಳು. ಅದಾದ ಮೇಲೂ ಹೋಗಬೇಕು ಅನಿಸಿದರೆ ಹೋಗು.

ಜಮಾಲಸಾಬ


ಸಾಲಹಳ್ಳಿ
1 ಜೂನ್ 2025

ಅಣ್ಣಾ,

ಈ ಪತ್ರವನ್ನು ನಾನು ಯಂತ್ರದಲ್ಲಿ ಟೈಪ್ ಮಾಡುತ್ತಿದ್ದೇನೆ. ಒತ್ತಿದ ಪ್ರತಿ ಅಕ್ಷರವನ್ನು ಅದು ಹೇಳುತ್ತದೆ, ತಪ್ಪಾದರೆ ಅಳಿಸುತ್ತೇನೆ. ಗ್ರಾಮ ಪಂಚಾಯಿತಿಯಲ್ಲಿ ಪ್ರಿಂಟ್ ತೆಗೆಸಿ ಕಳಿಸುತ್ತೇನೆ. ತಪ್ಪುಗಳಿದ್ದರೆ ಮಾರ್ಕ್ಸ್ ಕಡಿಮೆ ಕೊಡಿ.

ಮೇ 29ರಂದು ಹಣಮಂತಪ್ಪ ಸರ್ ಕೋಣೆಗೆ ಮೊದಲು ಹೋದೆ. ಇದ್ದದ್ದು ಹೇಳಿದೆ. ಅವರು, "ನಂಗ ಮೊದಲ ಹೇಳಬೇಕಾಗಿತ್ತವ್ವ. ನೋಡೂಣು ಮ್ಯಾಲಿನವರಿಗೆ ಬರೆದು" ಎಂದರು. ಕೈ ಹಿಡಿದು ಮೆಚ್ಚಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅರ್ಜಿ ಚೀಲದಲ್ಲೇ ಇತ್ತು. ತರಗತಿ ಹೇಗಾಗುತ್ತದೋ ನೋಡಿ ಕೊಡೋಣ ಎಂದುಕೊಂಡು ಏಳನೆಯ ತರಗತಿಗೆ ಹೋದೆ. ಹೋದ ವರ್ಷ ಆರನೆಯದರಲ್ಲಿ ಇದ್ದ ಮಕ್ಕಳೇ ಅಲ್ಲಿದ್ದರು.

ಲ್ಯಾಪ್‌ಟಾಪನ್ನು ಟೇಬಲ್ ಮೇಲಿಟ್ಟೆ. ಎರಡು ದಿನ ಮನೆಯಲ್ಲಿ ಗೋಡೆಗೆ ಹೇಳಿ ಅಭ್ಯಾಸ ಮಾಡಿದ್ದ ಮಾತು ಅಲ್ಲಿ ಬಾಯಿಗೆ ಬರಲಿಲ್ಲ. ಕೊನೆಗೆ ಸಿಕ್ಕ ಮಾತಿನಲ್ಲೇ ಹೇಳಿದೆ. "ನನಗ ಕಣ್ಣು ಸರಿಯಾಗಿ ಕಾಣೂದಿಲ್ಲ. ಮುಂದ ಇನ್ನೂ ಕಡಿಮಿ ಆಗತಾವ. ಇನ್ನ ಮ್ಯಾಲೆ ನೀವು ಸುಮ್ನ ಕೈ ಎತ್ತಿದ್ರ ನನಗ ಗೊತ್ತಾಗೂದಿಲ್ಲ. ಹೆಸರು ಹೇಳಿ ಮಾತಾಡ್ರಿ."

ಹಿಂದಿನ ಬೆಂಚಿನಿಂದ ಒಬ್ಬಳು, "ರಾಣಿ, ಟೀಚರ್" ಎಂದಳು. ಏನು ಹೇಳು ಎಂದೆ.

"ಹೋದ ವರ್ಷ ದಸರಾ ಸೂಟಿ ಆದಮ್ಯಾಲಿಂದ ನಾವು ಹೆಸರು ಹೇಳೇ ಮಾತಾಡಾಕ ಹತ್ತೇವಲ್ರಿ. ನಿಮಗ ಕಾಣೂದಿಲ್ಲಂತ ಗೊತ್ತಿತ್ತರಿ. ಪರೀಕ್ಷಾದಾಗ ದಪ್ಪ ಬರೀಬೇಕು, ದಾರ್ಯಾಗ ಚೀಲ ಇಡಬಾರ್ದು ಅಂತ ಎಲ್ಲಾರೂ ಮಾತಾಡ್ಕೊಂಡೇವ್ರಿ. ನೀವ ಹೇಳಲಿಲ್ಲ, ಅದಕ್ಕ ನಾವೂ ಅನಲಿಲ್ರಿ."

ಅಣ್ಣಾ, ಈ ತರಗತಿಯ ಅಕ್ಷರ ದುಂಡಗಾಯಿತು, ಶಿಸ್ತು ಬಂತು ಎಂದು ನಾನು ಹೋದ ವರ್ಷ ಸಿಬ್ಬಂದಿ ಸಭೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ನಾನು ಕಲಿಸಿದ್ದು ಅಂದುಕೊಂಡಿದ್ದೆ. ಮೂವತ್ತೊಂದು ಮಕ್ಕಳು ಎಂಟು ತಿಂಗಳು ಮನೆಯಲ್ಲೂ ಬಾಯಿಬಿಡದೆ ನನ್ನನ್ನು ಕಾಯ್ದಿದ್ದಾರೆ. ನಾನು ಅವರಿಂದಲೇ ಮುಚ್ಚಿಡುತ್ತಿದ್ದೆ.

ಕುರ್ಚಿಯ ಮೇಲೆ ಕುಳಿತು ಅತ್ತೆ. ಮುಖ ಒರೆಸಿಕೊಂಡು, ಮೊದಲ ಪಾಠದ ಹೆಸರೇನು ಎಂದು ಕೇಳಿದೆ. ಎಲ್ಲರೂ ತಮ್ಮ ತಮ್ಮ ಹೆಸರನ್ನು ಒಟ್ಟಿಗೇ ಹೇಳಿದರು, ಯಾರದೂ ಕೇಳಿಸಲಿಲ್ಲ. ಒಬ್ಬೊಬ್ಬರಾಗಿ ಹೇಳಿ ಎಂದೆ.

ರಂಜನಾ